ಹಲವು ಭಾಷೆ, ಹಲವು ಹಿನ್ನೆಲೆಯ ಸಭೆ ಒಟ್ಟಾಗಿ ಆತ್ಮಿಕವಾಗಿ ಬೆಳೆಯುವುದು ಹೇಗೆ?

ಪ್ರಶ್ನೆ:
ಕರ್ತನಲ್ಲಿ ವಂದನೆಗಳು. ನಾನು ನಮ್ಮ ಸಭೆಯ ಹಿರಿಯರಲ್ಲಿ ಒಬ್ಬ. ನಮ್ಮಲ್ಲಿ ನಾಲ್ಕು ಭಾಷೆಯವರಿದ್ದಾರೆ. ತಲೆಮಾರುಗಳಿಂದ ಕ್ರೈಸ್ತರಾಗಿರುವ ಮನೆತನದವರ ಪಕ್ಕದಲ್ಲೇ ಮೊನ್ನೆ ಮೊನ್ನೆ ದೀಕ್ಷಾಸ್ನಾನ ಪಡೆದವರೂ ಕೂರುತ್ತಾರೆ. ಜಗಳವಿಲ್ಲ, ದೇವರಿಗೆ ಸ್ತೋತ್ರ. ಆದರೆ ಆರಾಧನೆ ಮುಗಿದದ್ದೇ ತಡ, ಎಲ್ಲರೂ ತಂತಮ್ಮವರ ಜೊತೆ ಸೇರಿಬಿಡುತ್ತಾರೆ. ಒಬ್ಬರು ಆಸ್ಪತ್ರೆ ಸೇರಿ ಮನೆಗೆ ಮರಳಿದರೂ ಇನ್ನೊಂದು ಗುಂಪಿನವರಿಗೆ ಗೊತ್ತೇ ಆಗಿರುವುದಿಲ್ಲ. ಭಾಷೆಗೊಂದು ಆರಾಧನೆ ಮಾಡೋಣ ಅಂತ ಈಗ ಕೆಲವರು ಕೇಳುತ್ತಿದ್ದಾರೆ. ನೀವೇನು ಹೇಳುತ್ತೀರಿ?

ಉತ್ತರ 1:
ವಾಕ್ಯ ಅರ್ಥವಾಗದೆ ಭಕ್ತಿವೃದ್ಧಿ ಆಗುವುದಿಲ್ಲ, ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ (1 ಕೊರಿಂಥ 14) ಅಪೊಸ್ತಲ ಪೌಲನ ವಾದವೂ ಅದೇ. ಹಾಗಾಗಿ ಪ್ರಸಂಗ ಬೇರೆ ಬೇರೆ ಭಾಷೆಯಲ್ಲಿ ಇರಲಿ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವನ್ನು ಮಾತ್ರ ದಯವಿಟ್ಟು ಒಡೆಯಬೇಡಿ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಒಬ್ಬರಿಗೊಬ್ಬರು ಕಾಯಿರಿ ಅಂತ ಪೌಲ ಬರೆದದ್ದು ಅವರಿಗೇ.

ಉತ್ತರ 2:
ಆದಿಸಭೆಯ ಕಥೆ ಹೇಳುವ ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯವನ್ನು ಹಿರಿಯರೆಲ್ಲ ಕೂತು ಓದಿ. ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸಿದ್ದಾರೆ ಅಂತ ಗ್ರೀಕ್ ಮಾತಾಡುವ ಯೆಹೂದ್ಯರು ಗೊಣಗಿದರು. ಅಪೊಸ್ತಲರು "ಸ್ವಲ್ಪ ತಾಳ್ಮೆ ಇರಲಿ" ಅಂತ ಸಮಾಧಾನ ಹೇಳಿ ಕಳಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿ ಅಂದರು. ಸ್ತೆಫನನಿಂದ ನಿಕೊಲಾಯನವರೆಗೆ ಆ ಏಳೂ ಗ್ರೀಕ್ ಹೆಸರುಗಳೇ, ಅಂದರೆ ಹೆಚ್ಚಾಗಿ ಗೊಣಗಿದವರ ಕಡೆಯವರೇ ಇರಬೇಕು, ನಿಕೊಲಾಯನಂತೂ ಯೆಹೂದ್ಯ ಮತಕ್ಕೆ ಹೊರಗಿನಿಂದ ಬಂದವನು. ಅಂತಿಯೋಕ್ಯದ ಸಭೆಯ ಮುಂದಾಳುಗಳಲ್ಲೂ ಹಾಗೇ: 13ನೇ ಅಧ್ಯಾಯದಲ್ಲಿ ಕುಪ್ರದ ಬಾರ್ನಬ, ಕುರೇನ್ಯದ ಲೂಕ್ಯ, ಹೆರೋದನ ಜೊತೆ ಬೆಳೆದ ಮೆನಹೇನ, ಸೌಲ ಎಲ್ಲರೂ ಒಟ್ಟಿಗೆ ಉಪವಾಸವಿದ್ದು ಪ್ರಾರ್ಥಿಸುತ್ತಾರೆ.

ಹಾಗಾಗಿ ನಿಮ್ಮಲ್ಲಿ ಕಾಣಿಕೆ ಎಣಿಸುವವರು ಯಾರು, ವೇದಪಾಠ ಓದುವವರು ಯಾರು, ಹಾಡು ಆರಿಸುವವರು ಯಾರು ಅಂತ ನೋಡಿ. ಎಲ್ಲಾ ಒಂದೇ ಗುಂಪಿನವರಾದರೆ ಉಳಿದವರು ಎಷ್ಟು ವರ್ಷ ಬಂದರೂ ಅತಿಥಿಗಳೇ.

ನಮ್ಮಲ್ಲಿ ಮನೆಕೂಟಗಳನ್ನು ಬೇಕೆಂದೇ ಬೆರೆಸಿದ್ದೇವೆ. ಒಂದೇ ವಚನಭಾಗವನ್ನು ಪ್ರತಿಯೊಬ್ಬರೂ ತಮ್ಮ ಭಾಷೆಯ ಸತ್ಯವೇದದಲ್ಲಿ ಓದುತ್ತಾರೆ, ಆಮೇಲೆ ಎಲ್ಲರಿಗೂ ಅಷ್ಟಿಷ್ಟು ಬರುವ ಭಾಷೆಯಲ್ಲಿ ಮಾತು. ಕೊನೆಗೆ ಪಕ್ಕದವರ ಪ್ರಾರ್ಥನಾ ವಿಷಯ ಕೇಳಿಕೊಂಡು ವಾರವಿಡೀ ಪ್ರಾರ್ಥಿಸಬೇಕು. ನಮ್ಮ ಕೂಟದ ಅಜ್ಜಿಯೊಬ್ಬರು ಒಬ್ಬ ಹುಡುಗನ ಪರೀಕ್ಷೆಯ ತಾರೀಕುಗಳನ್ನೆಲ್ಲ ತಮ್ಮ ಸತ್ಯವೇದದ ಒಳರಕ್ಷಾಪುಟದಲ್ಲಿ ಬರೆದಿಟ್ಟುಕೊಂಡಿದ್ದರು. ಅವನ ಭಾಷೆ ಅವರಿಗೆ ಬಾರದು. ಫಲಿತಾಂಶ ಬಂದಾಗ ಅವನು ಮನೆಯವರಿಗೆ ಹೇಳಿದ ಮೇಲೆ ಮೊದಲು ಫೋನ್ ಮಾಡಿದ್ದು ಅವರಿಗೇ.

ಉತ್ತರ 3:
ಹೊಸದಾಗಿ ನಂಬಿಕೆಗೆ ಬಂದವಳಾಗಿ ಒಂದು ಮಾತು. ಇಂಥ ಕೂಟಗಳಲ್ಲಿ ನಾವು ಬಾಯಿ ಬಿಟ್ಟ ಕೂಡಲೇ ಹಳಬರು ತಿದ್ದಲು ಶುರು ಮಾಡುತ್ತಾರೆ. ಪ್ರಾರ್ಥನೆಯ ಪದಗಳನ್ನೂ ತಿದ್ದಿದರೆ ಯಾರು ತಾನೇ ಪ್ರಾರ್ಥಿಸುತ್ತಾರೆ? ಅವರವರ ಭಾಷೆಯಲ್ಲೇ ಬಿಡಿ, ದೇವರಿಗೆ ಅರ್ಥವಾಗುತ್ತದೆ, ಆಮೆನ್ ಅನ್ನುವುದಕ್ಕೆ ನಾವಿದ್ದೇವೆ.

ಉತ್ತರ 2:
ತಂಗಿ ಹೇಳಿದ್ದು ಸರಿ. ರೋಮಾಪುರ 14ರಲ್ಲಿ ಊಟದ ವಿಷಯಕ್ಕೂ ದಿನಗಳ ವಿಷಯಕ್ಕೂ ಭಿನ್ನಾಭಿಪ್ರಾಯವಿತ್ತು. ಪೌಲ ಎಲ್ಲರನ್ನೂ ಒಂದೇ ಪದ್ಧತಿಗೆ ತರಲು ಹೋಗಲಿಲ್ಲ, ತೀರ್ಪು ಮಾಡಬೇಡಿ ಅಂದ, ಮುಂದಿನ ಅಧ್ಯಾಯದಲ್ಲಿ ನಂಬಿಕೆಯಲ್ಲಿ ಬಲವುಳ್ಳವರಿಗೇ ಸಹಿಸಿಕೊಳ್ಳುವ ಹೊಣೆ ಹೊರಿಸಿದ. ಹಾಡು, ವಾದ್ಯಗಳ ವಿಷಯದಲ್ಲೂ ಹಳಬರೇ ಮೊದಲು ಬಿಟ್ಟುಕೊಡಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಪ್ರಸಂಗ ಬೇರೆ, ಕರ್ತನ ಭೋಜನ ಒಟ್ಟಿಗೆ ಅನ್ನುವುದನ್ನು ಹಿರಿಯರ ಸಭೆಯಲ್ಲಿ ಮುಂದಿಡುತ್ತೇನೆ. ಕಾಣಿಕೆ ಎಣಿಸುವ ನಾಲ್ವರೂ ಒಂದೇ ಭಾಷೆಯವರು, ಅದನ್ನೂ ಹೇಳಲೇಬೇಕು. ಮನೆಕೂಟಗಳನ್ನು ಬೆರೆಸುವಾಗ ಯಾರು ಯಾವ ಗುಂಪಿಗೆ ಅಂತ ನೀವು ಹೇಗೆ ನಿರ್ಧರಿಸಿದಿರಿ? ವಾಸದ ಜಾಗ ನೋಡಿಯೋ, ವಯಸ್ಸು ನೋಡಿಯೋ?