ಜಿಟಿ86: ಟ್ರ್ಯಾಕ್ ಡೇಗೆ ಮೊದಲು ಟೈರಾ, ಸಸ್ಪೆನ್ಷನ್ನಾ?

ಮೂರನೇ_ಗೇರ್:

ಎಲ್ಲರಿಗೂ ನಮಸ್ಕಾರ. ನನ್ನದು ಟೊಯೋಟಾ ಜಿಟಿ86. ಇಲ್ಲಿಯವರೆಗೆ ಮೂರು ಟ್ರ್ಯಾಕ್ ಡೇ (ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ) ಮುಗಿಸಿದ್ದೇನೆ. ಕಾರಿನ ಜೊತೆ ಬಂದ 215/45 ಆರ್17 ಮಿಶೆಲಿನ್ ಪ್ರೈಮಸಿ ಟೈರುಗಳೇ ಇನ್ನೂ ಇವೆ. ಸಸ್ಪೆನ್ಷನ್ ಕೂಡ ಕಂಪನಿಯದೇ.

ತೊಂದರೆ ಏನೆಂದರೆ, ಮೊದಲ ಮೂರು ಲ್ಯಾಪ್ ಚೆನ್ನಾಗಿರುತ್ತದೆ. ನಾಲ್ಕನೆಯದರಿಂದ ಉದ್ದನೆಯ ಬಲ ತಿರುವುಗಳಲ್ಲಿ ಮುಂಭಾಗ ಹೊರಕ್ಕೆ ಜಾರುತ್ತದೆ. ಸ್ಟೀರಿಂಗ್ ಇನ್ನಷ್ಟು ತಿರುಗಿಸಿದರೂ ಕಾರು ಮಾತು ಕೇಳುವುದಿಲ್ಲ, ಟೈರು ಅರಚುವುದು ಜಾಸ್ತಿಯಾಗುತ್ತದೆ ಅಷ್ಟೇ. ಮನೆಗೆ ಬಂದು ನೋಡಿದರೆ ಎಡಗಡೆ ಮುಂದಿನ ಟೈರಿನ ಹೊರ ಅಂಚು ನುಣ್ಣಗಾಗಿದೆ. ಒಳ ಅಂಚು ಹೊಸದರ ಹಾಗೇ ಇದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಎರಡು ಬೇರೆ ಟೈರು ಮುಟ್ಟಿದ ಹಾಗಿದೆ.

ಕೈಯಲ್ಲಿರುವ ದುಡ್ಡಿಗೆ ಒಂದೇ ಆಗುತ್ತದೆ. ಒಂದು ಸೆಟ್ ಒಳ್ಳೆಯ ಟೈರು, ಇಲ್ಲ ಕಾಯಿಲೋವರ್ (ಎತ್ತರ ಬದಲಾಯಿಸಬಹುದಾದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೆಟ್). ದಿನಾ ಕೆಲಸಕ್ಕೂ ಇದೇ ಕಾರು, ಟ್ರ್ಯಾಕ್‌ಗೂ ಇದರಲ್ಲೇ ಹೋಗಿ ಬರುವುದು. ಲ್ಯಾಪ್ ಟೈಮ್‌ಗಿಂತ ಆ ಉದ್ದ ತಿರುವನ್ನು ಒಂದು ಸಲ ಸರಿಯಾಗಿ ಹಿಡಿಯಬೇಕು ಅನ್ನುವುದೇ ನನ್ನ ಆಸೆ. ಯಾವುದು ಮೊದಲು?

ಕೊನೇ_ಲ್ಯಾಪ್:

ಟೈರು, ಯೋಚನೆಯೇ ಬೇಡ. ಪ್ರೈಮಸಿ ಒಳ್ಳೆಯ ರಸ್ತೆ ಟೈರು, ಆದರೆ ಈ ಬಿಸಿಗೆ ಮಾಡಿದ್ದಲ್ಲ. ಟ್ರೆಡ್‌ವೇರ್ (ಟೈರು ಎಷ್ಟು ನಿಧಾನ ಸವೆಯುತ್ತದೆ ಅನ್ನುವ ಅಂಕಿ; ಕಮ್ಮಿಯಿದ್ದರೆ ಸಾಮಾನ್ಯವಾಗಿ ಹಿಡಿತ ಜಾಸ್ತಿ) 200ರ ಆಸುಪಾಸಿನದು ಹಾಕಿ. ನಾನು 200ರದ್ದು ಹಾಕಿದ ದಿನ ಅದೇ ತಿರುವಿನಲ್ಲಿ ಬ್ರೇಕ್ ಹಿಡಿಯುವ ಜಾಗವೇ ಬದಲಾಯಿತು.

ಬಿಸಿ_ರಬ್ಬರ್:

ಮೂರನೇ_ಗೇರ್ ಅವರೇ, ಹೊರ ಅಂಚಿನ ಕಥೆ ಓದಿ ಬರೆಯದೆ ಇರಲು ಆಗಲಿಲ್ಲ. ನಿಮ್ಮದೇ ತರಹದ ಕಾರಿನಲ್ಲಿ ನಾನು ಇದೇ ದಾರಿಯಲ್ಲಿ ಹೋಗಿ, ತಪ್ಪು ಸಾಮಾನು ಮೊದಲು ಕೊಂಡವನು.

ಎರಡೂ ಈಗಲೇ ಬೇಡ. ಮೊದಲು ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರ ವಾಲಿರುವ ಕೋನ; ಮೇಲ್ಭಾಗ ಕಾರಿನ ಕಡೆಗೆ ವಾಲಿದ್ದರೆ ನೆಗೆಟಿವ್, ಅಂದರೆ ಮೈನಸ್), ಆಮೇಲೆ ಗಾಳಿ, ಆಮೇಲೆ ಟೈರು. ಕಾಯಿಲೋವರ್ ತುಂಬಾ ದೂರದ ಮಾತು.

ನಿಮ್ಮ ಕಾರಿನ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಅನ್ನುವ ಬಗೆಯ ಸಸ್ಪೆನ್ಷನ್. ತಿರುವಿನಲ್ಲಿ ಕಾರು ವಾಲಿದಾಗ ಅದರ ಜೊತೆ ಚಕ್ರವೂ ಹೊರಕ್ಕೆ ವಾಲುತ್ತದೆ. ಕಂಪನಿಯಿಂದ ಬಂದಾಗ ಮುಂದಿನ ಕ್ಯಾಂಬರ್ ಹೆಚ್ಚುಕಮ್ಮಿ ಸೊನ್ನೆ. ಹಾಗಾಗಿ ಬಲ ತಿರುವಿನಲ್ಲಿ ಎಡ ಮುಂದಿನ ಟೈರು ಹೊರ ಅಂಚಿನ ಮೇಲೆಯೇ ನಿಲ್ಲುತ್ತದೆ. 215 ಮಿಲಿಮೀಟರ್ ಅಗಲಕ್ಕೆ ದುಡ್ಡು ಕೊಟ್ಟು ಅದರಲ್ಲಿ ಅರ್ಧವನ್ನೂ ಬಳಸುತ್ತಿಲ್ಲ. ಹಿಂದೆ ಡಬಲ್ ವಿಷ್‌ಬೋನ್ ಇದೆ, ಚಕ್ರವನ್ನು ಎರಡು ತೋಳು ಹಿಡಿಯುವ ಬಗೆ. ಅದು ಒತ್ತಿದಾಗ ತಾನೇ ಸ್ವಲ್ಪ ನೆಗೆಟಿವ್ ಕ್ಯಾಂಬರ್ ಕೊಡುತ್ತದೆ. ಹಿಂಭಾಗ ಹಿಡಿದುಕೊಂಡು ಮುಂಭಾಗ ಮಾತ್ರ ಜಾರುವುದು ಅದಕ್ಕೇ.

ಇದೇ ಅಲೈನ್‌ಮೆಂಟಿಗೆ (ಚಕ್ರಗಳ ಕೋನ ಹೊಂದಿಸಿರುವ ರೀತಿ) 200ರ ಟೈರು ಹಾಕಿದರೆ ಏನಾಗುತ್ತದೆ ಗೊತ್ತಾ? ಹಿಡಿತ ಹೆಚ್ಚಾದಷ್ಟೂ ಕಾರು ಜಾಸ್ತಿ ವಾಲುತ್ತದೆ. ಹೊಸ ಟೈರಿನ ಹೊರ ಅಂಚು ಇನ್ನೂ ಬೇಗ ಹೋಗುತ್ತದೆ.

ಕ್ಯಾಂಬರ್ ಕೋನ ಬದಲಾಯಿಸಲು ಕ್ಯಾಂಬರ್ ಬೋಲ್ಟ್ ಅಥವಾ ಕ್ಯಾಂಬರ್ ಪ್ಲೇಟ್ ಹಾಕಿಸಿ. ಬೋಲ್ಟ್‌ನಲ್ಲಿ ಸುಮಾರು ಮೈನಸ್ ಒಂದೂವರೆ ಡಿಗ್ರಿವರೆಗೆ ಹೋಗಬಹುದು, ಪ್ಲೇಟ್‌ನಲ್ಲಿ ಎರಡೂವರೆ ದಾಟಬಹುದು. ದಿನಾ ಓಡಿಸುವ ಕಾರಿಗೆ ಮುಂದೆ ಮೈನಸ್ ಎರಡು, ಎರಡೂಕಾಲು ಒಳ್ಳೆಯ ಜಾಗ. ಹಿಂದೆ ಮೈನಸ್ ಒಂದೂವರೆ ಸಾಕು. ಮುಂದಿನ ಟೋ (ಮೇಲಿನಿಂದ ನೋಡಿದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ ಇರಲಿ, ಹಿಂದೆ ಚೂರು ಟೋ ಇನ್, ಅಂದರೆ ಒಳಕ್ಕೆ. ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುತ್ತದೆ, ಅಲೈನ್‌ಮೆಂಟ್ ಮತ್ತೆ ಮಾಡಿಸಲೇಬೇಕು. ರಸ್ತೆಯಲ್ಲಿ ಟೈರನ್ನು ಬೇಗ ತಿನ್ನುವುದು ಹೆಚ್ಚಾಗಿ ಕೆಟ್ಟ ಟೋ. ಎರಡು ಡಿಗ್ರಿ ಕ್ಯಾಂಬರ್‌ಗೆ ಹೆದರಬೇಡಿ.

ಈಗ ಗಾಳಿ. ಬೆಳಿಗ್ಗೆ ಎಷ್ಟು ಹಾಕಿದ್ದಿರಿ, ಟ್ರ್ಯಾಕಿನಿಂದ ಇಳಿದ ತಕ್ಷಣ ಎಷ್ಟಿತ್ತು? ಎರಡನೆಯದನ್ನು ನೋಡಿಲ್ಲ ಅನ್ನಿಸುತ್ತದೆ. ಟೈರಿನ ಒಳಗೆ ಐದಾರು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ (ಒತ್ತಡದ ಅಳತೆ) ಏರುತ್ತದೆ. ಒಂದು ಸೆಷನ್‌ನಲ್ಲಿ 6ರಿಂದ 8 ಏರುವುದು ಮಾಮೂಲಿ. ತಣ್ಣಗಿದ್ದಾಗ 35 ಹಾಕಿದ್ದರೆ ನಾಲ್ಕನೇ ಲ್ಯಾಪ್‌ಗೆ 40 ದಾಟಿರುತ್ತದೆ. ಟೈರು ಬಲೂನಿನ ಹಾಗೆ ಉಬ್ಬಿ ನೆಲ ಮುಟ್ಟುವ ಜಾಗ ಕಮ್ಮಿಯಾಗುತ್ತದೆ. ನಿಮ್ಮ ಮೊದಲ ಮೂರು ಲ್ಯಾಪಿನ ಸುಖಕ್ಕೂ ನಾಲ್ಕನೆಯದರ ಕಷ್ಟಕ್ಕೂ ಇದೂ ಒಂದು ಕಾರಣ. ಬಿಸಿಯಲ್ಲಿ 34, 35ಕ್ಕೆ ನಿಲ್ಲುವ ಹಾಗೆ ಇಳಿಸಿ ಶುರು ಮಾಡಿ.

ಒಂದು ಸೀಮೆಸುಣ್ಣ ಇಟ್ಟುಕೊಳ್ಳಿ. ಟೈರಿನ ಹೊರ ಅಂಚಿನಿಂದ ಅದರ ಪಕ್ಕದ ಮೈಯವರೆಗೆ ಮೂರು ಕಡೆ ಗೆರೆ ಎಳೆಯಿರಿ. ಹೆಚ್ಚಿನ ಟೈರುಗಳ ಪಕ್ಕದಲ್ಲಿ, ಅಂಚಿನ ಹತ್ತಿರ, ಒಂದು ಸಣ್ಣ ತ್ರಿಕೋನ ಇರುತ್ತದೆ. ಸೆಷನ್ ಮುಗಿದ ಮೇಲೆ ಗೆರೆ ಆ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಸರಿ. ಅದನ್ನೂ ದಾಟಿ ಕೆಳಗೆ ಅಳಿಸಿದ್ದರೆ ಟೈರು ಮಡಚಿಕೊಳ್ಳುತ್ತಿದೆ, ಕ್ಯಾಂಬರ್ ಸಾಲದು, ಇಲ್ಲ ಗಾಳಿ ತೀರಾ ಕಮ್ಮಿ.

ಆಮೇಲೆ ನಾನು ರಬ್ಬರಿಗೆ ಚುಚ್ಚಿ ಬಿಸಿ ಅಳೆಯುವ ಪೈರೋಮೀಟರ್ ಕೊಂಡೆ. ಇನ್‌ಫ್ರಾರೆಡ್‌ನದು ಮೇಲ್ಮೈ ಮಾತ್ರ ತೋರಿಸುತ್ತದೆ, ಅದು ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬರುವಷ್ಟರಲ್ಲಿ ಆರಿರುತ್ತದೆ. ನನ್ನ ಎಡ ಮುಂದಿನ ಟೈರಿನಲ್ಲಿ ಮೊದಲ ಸಲ ಸಿಕ್ಕಿದ್ದು ಒಳಗೆ 71, ನಡುವೆ 80, ಹೊರಗೆ 96 ಡಿಗ್ರಿ. ಆ ಮೂರು ಅಂಕಿ ನೋಡಿ ಪಿಟ್‌ನಲ್ಲೇ ಸುಮ್ನೆ ನಿಂತುಬಿಟ್ಟೆ. ಅಷ್ಟು ದಿನ ನಾನು ಚಾಲನೆಯ ತಪ್ಪು ಅಂದುಕೊಂಡಿದ್ದು ಅಲ್ಲಿ ಬರೆದಿಟ್ಟ ಹಾಗಿತ್ತು. ಕ್ಯಾಂಬರ್ ಆದ ಮೇಲೆ 89, 85, 81. ಒಳಗಡೆ ಏಳೆಂಟು ಡಿಗ್ರಿ ಜಾಸ್ತಿ ಇದ್ದರೆ ನೆಮ್ಮದಿ.

ಕಾಯಿಲೋವರ್ ವಿಷಯ. ನಾನು ಅದನ್ನೇ ಮೊದಲು ಹಾಕಿಸಿದ್ದು. ಹಾಕಿಕೊಟ್ಟವರು ಚೆನ್ನಾಗಿ ಕಾಣುತ್ತದೆ ಅಂತ 40 ಮಿಲಿಮೀಟರ್ ಇಳಿಸಿದರು. ತಿರುವಿನ ನಡುವೆ ಮುಂಭಾಗ ಒಮ್ಮೆಲೇ ಕೈಬಿಡುತ್ತಿತ್ತು. ಧೂಳಿನ ರಬ್ಬರ್ ಕವರ್ ಎತ್ತಿ ನೋಡಿದರೆ ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ತಡೆಯುವ ಮೆತ್ತೆ) ಸೀಳಿ ಪುಡಿಯಾಗಿತ್ತು. ಸ್ಪ್ರಿಂಗಿಗೆ ಆಡಲು ಜಾಗವೇ ಇರಲಿಲ್ಲ, ಕಾರು ಬಂಪ್ ಸ್ಟಾಪ್ ಮೇಲೆ ಕೂತು ತಿರುಗುತ್ತಿತ್ತು. ಅಲ್ಲದೆ ಸ್ಟ್ರಟ್ ಕಾರನ್ನು ಇಳಿಸಿದರೆ ರೋಲ್ ಸೆಂಟರ್ (ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿನ ಭಾರದ ಕೇಂದ್ರಕ್ಕಿಂತ ಬೇಗ ಕೆಳಗೆ ಹೋಗುತ್ತದೆ, ವಾಲಿಸುವ ಬಲ ಹೆಚ್ಚಾಗುತ್ತದೆ. 25 ಮಿಲಿಮೀಟರ್ ವಾಪಸ್ ಎತ್ತಿದ ಮೇಲೆ ಕಾರು ಬದುಕಿತು.

ಟೈರಿನ ವಿಚಾರದಲ್ಲಿ ಕೊನೇ_ಲ್ಯಾಪ್ ಅವರಿಗೆ ನನ್ನದು ಸ್ವಲ್ಪ ಭಿನ್ನ ಮಾತು. ನಿಮಗೆ ಈಗ 300ರ ವರ್ಗದ್ದು ಸಾಕು, ಅಂದರೆ ಪೈಲಟ್ ಸ್ಪೋರ್ಟ್ 4ಎಸ್ ತರಹದ್ದು. ಅದು ಜಾರುವ ಮುಂಚೆ ಕೂಗಿ ಹೇಳುತ್ತದೆ, ಜಾರಿದರೂ ನಿಧಾನಕ್ಕೆ ಜಾರುತ್ತದೆ. ಟ್ರ್ಯಾಕ್‌ಗೆಂದೇ ಮಾಡಿದ ಟೈರು ಜಾಸ್ತಿ ಹೊತ್ತು ಹಿಡಿದು ಥಟ್ಟನೆ ಬಿಡುತ್ತದೆ. ನಾಲ್ಕನೇ ಟ್ರ್ಯಾಕ್ ಡೇಯಲ್ಲಿ ಕಲಿಯಬೇಕಾದ್ದು ಆ ಕೂಗನ್ನು ಕೇಳುವುದು. ಇನ್ನೊಂದು, ಟ್ರೆಡ್‌ವೇರ್ ಅಂಕಿಯನ್ನು ಟೈರು ಮಾಡಿದವರೇ ಕೊಡುವುದು. ಇಬ್ಬರ 200 ಒಂದೇ ಅಲ್ಲ.

ಕೊನೇ_ಲ್ಯಾಪ್:

ಕ್ಯಾಂಬರ್ ಮಾತು ಒಪ್ಪಿದೆ, ನಾನು ಅದನ್ನು ಯೋಚಿಸಿರಲಿಲ್ಲ. 200ರ ಬಗ್ಗೆ ನನ್ನ ಮಾತು ಹಾಗೇ ಇದೆ, ಮುಂದಿನ ವರ್ಷಕ್ಕೆ ಇರಲಿ.

ಮಳೆ_ಗೆರೆ:

ಎರಡು ಸಣ್ಣ ಮಾತು. ಟ್ರ್ಯಾಕ್ ಟೈರುಗಳಲ್ಲಿ ಗೀಟು ಕಮ್ಮಿ. ಮಳೆಯಲ್ಲಿ ಮನೆಗೆ ಬರುವಾಗ ನೀರಿನ ಮೇಲೆ ತೇಲುತ್ತದೆ. ಅದೇ ಟೈರಿನಲ್ಲಿ ಹೋಗಿ ಬರುವವರಿಗೆ ಅದು ದೊಡ್ಡ ವಿಷಯ.

ಯಾವ ಟೈರೇ ಕೊಂಡರೂ ಪಕ್ಕದ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ. ಹಳೆಯ ರಬ್ಬರು ಗೀಟು ಇದ್ದರೂ ಗಟ್ಟಿಯಾಗಿರುತ್ತದೆ. ಮತ್ತೆ ಬ್ರೇಕ್ ಆಯಿಲ್ ಹೊಸದು ಹಾಕಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರು ಹೀರಿಕೊಂಡ ಮೇಲೆ ಅದು 155ಕ್ಕೆ ಇಳಿಯಬಹುದು. ಹಿಡಿತ ಜಾಸ್ತಿಯಾದರೆ ಬ್ರೇಕ್ ಮೇಲಿನ ಹೊರೆಯೂ ಜಾಸ್ತಿ.

ಮೂರನೇ_ಗೇರ್:

ನಿನ್ನೆ ನಾಲ್ಕನೇ ಟ್ರ್ಯಾಕ್ ಡೇ ಆಯಿತು. ಟೈರು ಬದಲಾಯಿಸಲಿಲ್ಲ. ಪ್ಲೇಟ್ ಹಾಕಿಸಿ ಮುಂದೆ ಮೈನಸ್ 2.1, ಟೋ ಸೊನ್ನೆ. ತಣ್ಣಗೆ 28 ಇಟ್ಟು ಶುರು ಮಾಡಿದೆ. ಎಂಟನೇ ಲ್ಯಾಪಿನಲ್ಲೂ ಆ ತಿರುವಿನಲ್ಲಿ ಮೂತಿ ಒಳಕ್ಕೇ ಇತ್ತು! ಸೀಮೆಸುಣ್ಣ ತ್ರಿಕೋನದ ತುದಿಯಲ್ಲೇ ನಿಂತಿದೆ. ಬಿಸಿ_ರಬ್ಬರ್ ಅವರೇ, ತುಂಬಾ ಥ್ಯಾಂಕ್ಸ್.

ಒಂದು ಅನುಮಾನ. ಇಳಿದ ತಕ್ಷಣ ಎಡ ಮುಂದೆ 36, ಬಲ ಮುಂದೆ 33 ಇತ್ತು. ಎಲ್ಲೋ ತಪ್ಪಿದೆನಾ?

ಬಿಸಿ_ರಬ್ಬರ್:

ಓದಿ ಖುಷಿಯಾಯಿತು. ತಪ್ಪಿಲ್ಲ, ಬಲ ತಿರುವು ಜಾಸ್ತಿ ಇರುವ ಟ್ರ್ಯಾಕ್, ಎಡ ಟೈರಿಗೆ ಕೆಲಸ ಜಾಸ್ತಿ. ಮುಂದಿನ ಸಲ ತಣ್ಣಗಿದ್ದಾಗ ಎಡಕ್ಕೆ 27, ಬಲಕ್ಕೆ 29 ಹಾಕಿ. ಬಿಸಿಯಲ್ಲಿ ಎರಡೂ 35ರ ಹತ್ತಿರ ಬಂದು ಸೇರುತ್ತವೆ. ಮನೆಗೆ ಹೊರಡುವ ಮುಂಚೆ ಟೈರು ಪೂರ್ತಿ ಆರಲಿ, ಆಮೇಲೆ ನಾಲ್ಕಕ್ಕೂ ಬಾಗಿಲಿನ ಸ್ಟಿಕರ್‌ನಲ್ಲಿ ಇರುವಷ್ಟು ಗಾಳಿ ತುಂಬಿ. ನಿನ್ನೆ ಹಾಗೇ ಬಂದಿದ್ದರೆ ಈಗಲೇ ಹೋಗಿ ನೋಡಿ.