ಮಂಡ್ಯ ಮನೆ ಗುಂಪು: ಇಂಜೆಕ್ಷನ್ ನಿಲ್ಲಿಸಬೇಕಾ?

ಚಿಕ್ಕಪ್ಪ: (ಫಾರ್ವರ್ಡ್) ಕ್ಯಾನ್ಸರ್‌ಗೆ ಪ್ರೋಟಾಕ್ ಮಾತ್ರೆ! ಕೆಟ್ಟ ಪ್ರೋಟೀನನ್ನೇ ಹುಡುಕಿ ನಾಶ ಮಾಡುತ್ತದೆ. ಇನ್ನು ಕಿಮೊ ಬೇಡವೇ ಬೇಡ!

ಚಿಕ್ಕಪ್ಪ: ಮಂಜು, ನೋಡಪ್ಪ. ಅತ್ತಿಗೆಗೆ ಇನ್ನು ಆ ಇಂಜೆಕ್ಷನ್ ಯಾಕೆ?

ಮಂಜು: ನಾನೂ ಅದೇ ಯೋಚನೆಯಲ್ಲಿದ್ದೆ. ವಾರವಾರ ಮೈಸೂರಿಗೆ ಹೋಗಿ ಬಂದರೆ ಎರಡು ದಿನ ಅಮ್ಮ ಏಳುವುದಿಲ್ಲ.

ರಶ್ಮಿ: ಮಂಜಣ್ಣ, ಇದನ್ನು ನಂಬಿ ಏನನ್ನೂ ನಿಲ್ಲಿಸಬೇಡ. ಅರ್ಧ ಮಾತ್ರ ನಿಜ. ಜೀವಕೋಶದೊಳಗೆ ಬೇಡದ ಪ್ರೋಟೀನಿಗೆ ಯುಬಿಕ್ವಿಟಿನ್ ಅನ್ನುವ ಗುರುತು ಅಂಟುತ್ತದೆ. ಗುರುತು ಬಿದ್ದದ್ದನ್ನು ಪ್ರೋಟಿಯಾಸೋಮ್ ಚೂರು ಚೂರು ಮಾಡುತ್ತದೆ. ಇದನ್ನು ಕಂಡುಹಿಡಿದವರಿಗೆ 2004ರಲ್ಲಿ ನೊಬೆಲ್ ಬಂತು. ಕ್ಯಾನ್ಸರ್ ಕೋಶಕ್ಕೆ ಆಸರೆಯಾದ ಪ್ರೋಟೀನಿಗೂ ಆ ಗುರುತು ಬೀಳುವ ಹಾಗೆ ಈ ಔಷಧಿಗಳು ಮಾಡುತ್ತವೆ. ಆಮೇಲೆ ಔಷಧಿಯ ಅದೇ ಅಣು ಅಂಥದೇ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತದೆ.

ಚಿಕ್ಕಪ್ಪ: ನಾನು ಹೇಳಿದ್ದೂ ಅದೇ ಅಲ್ವಾಮ್ಮ?

ರಶ್ಮಿ: ಅಲ್ಲ ಚಿಕ್ಕಪ್ಪ, ಬೇರೆ ಚಿಕಿತ್ಸೆ ಬೇಡ ಅನ್ನುವುದು ಸರಿಯಲ್ಲ. ಹೀಗೇ ಪ್ರೋಟೀನಿಗೆ ಗುರುತು ಬೀಳಿಸುವ ಒಂದು ಔಷಧಿಯನ್ನು ದೊಡ್ಡಮ್ಮ ಆಗಲೇ ತಗೊಳ್ಳುತ್ತಿದ್ದಾರೆ. 21 ದಿನ ನುಂಗಿ ಒಂದು ವಾರ ಬಿಡುತ್ತಾರಲ್ಲ, ಲೆನಾಲಿಡೊಮೈಡ್ ಕ್ಯಾಪ್ಸೂಲ್, ಅದೇ. ದೊಡ್ಡಮ್ಮನಿಗಿರುವ ಮೈಲೋಮಾ ಅನ್ನುವ ರಕ್ತದ ಕ್ಯಾನ್ಸರಿನ ಕೋಶ ಬದುಕಲು ಬೇಕಾದ ಇಕಾರೋಸ್, ಐಯೋಲೋಸ್ ಅನ್ನುವ ಪ್ರೋಟೀನುಗಳನ್ನು ಅದು ಇಲ್ಲವಾಗಿಸುತ್ತದೆ. ಅಮೆರಿಕದಲ್ಲಿ ಮೈಲೋಮಾಗೆ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ. ಹೀಗೆ ಕೆಲಸ ಮಾಡುತ್ತದೆ ಅಂತ ಗೊತ್ತಾಗಿದ್ದು 2014ರಲ್ಲಿ! ಇನ್ನೊಂದು ವಿಷಯ. ಇದು ಥಾಲಿಡೊಮೈಡ್‌ನಿಂದ ಹುಟ್ಟಿದ ಔಷಧಿ. ಅದನ್ನು ಬಸುರಿಯರು ನುಂಗಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದವು. ನಿನ್ನ ಹೆಂಡತಿ, ನಮ್ಮ ಅತ್ತಿಗೆಗೆ ಈಗ ಐದು ತಿಂಗಳು. ಆ ಕ್ಯಾಪ್ಸೂಲನ್ನು ಅವರು ಮುಟ್ಟುವುದೂ ಬೇಡ, ನೀನೇ ಕೊಡು.

ಮಂಜು: ಸರಿ, ಇವತ್ತಿಂದ ನಾನೇ ಕೊಡುತ್ತೇನೆ. ಆದರೆ ಇಂಜೆಕ್ಷನ್ ಬೊರ್ಟೆಜೊಮಿಬ್. ಅದು ಪ್ರೋಟಿಯಾಸೋಮನ್ನೇ ತಡೆಯುತ್ತದಂತೆ. ಒಂದಕ್ಕೊಂದು ಅಡ್ಡ ಬರುವುದಿಲ್ವಾ?

ರಶ್ಮಿ: ಮೇಲ್ನೋಟಕ್ಕೆ ಹಾಗೇ ಅನಿಸುತ್ತದೆ. ಆದರೆ ಆ ತಡೆ ಪೂರ್ತಿ ಅಲ್ಲ, ಕೆಲವು ದಿನದಲ್ಲಿ ಬಿಟ್ಟುಹೋಗುತ್ತದೆ. ಎರಡನ್ನೂ ಸೇರಿಸಿ ಕೊಟ್ಟ ರೋಗಿಗಳು ಜಾಸ್ತಿ ಕಾಲ ಬದುಕಿದ್ದಾರೆ. ಸುಮ್ನೆ ಊಹೆ ಅಲ್ಲ, ದೊಡ್ಡ ಪರೀಕ್ಷೆಯಲ್ಲಿ ಕಂಡಿದ್ದು.

ಮಂಜು: ಪರೀಕ್ಷೆ ಇರಲಿ. ಅಮ್ಮನ ಕಷ್ಟ ನೀನು ನೋಡಿಲ್ಲ. ಪಾದ ಉರಿಯುತ್ತದೆ. ಚಪ್ಪಲಿ ಕಾಲಿಂದ ಜಾರಿಹೋದರೂ ಗೊತ್ತಾಗುವುದಿಲ್ಲ.

ರಶ್ಮಿ: ಅಯ್ಯೋ. ಆ ಇಂಜೆಕ್ಷನ್ನಿಂದ ನರಕ್ಕೆ ಹಾಗಾಗುವುದುಂಟು. ಏನೂ ಮಾಡದೆ ಹಾಗೇ ಬಿಟ್ಟರೆ ಜಾಸ್ತಿಯಾಗಬಹುದು. ಡೋಸ್ ಇಳಿಸಬಹುದು, ಅಂತರ ಹೆಚ್ಚಿಸಬಹುದು. ಡಾಕ್ಟರಿಗೆ ಹೇಳಿದಿರಾ?

ಮಂಜು: ಇಲ್ಲ. ಅವರು ಕೇಳಿದರೆ ಅಮ್ಮ ಚೆನ್ನಾಗಿದ್ದೀನಿ ಅಂದುಬಿಡುತ್ತಾಳೆ.

ಚಿಕ್ಕಪ್ಪ: ಬುಧವಾರ ನಾನೂ ಜೊತೆಗೆ ಬರುತ್ತೇನೆ. ಅತ್ತಿಗೆ ಬೇಡ ಅಂದರೂ ಚಪ್ಪಲಿ ವಿಷಯ ನಾನೇ ಹೇಳುತ್ತೇನೆ.