ರಾಜ್ಯೋತ್ಸವಕ್ಕೆ ಈ ಸಲ ಫೋಟೋ ಜೋಡಿ ಮಾಡೋಣವೇ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದ ಶಾಲೆಯಲ್ಲಿ ಮಗಳನ್ನು "ನೀನು ಯಾವ ಇಂಡಿಯನ್, ಗರಿಯವಳಾ, ಬೊಟ್ಟಿನವಳಾ?" ಅಂತ ಕೇಳಿದರಂತೆ, ಏನು ಹೇಳಿಕೊಡಲಿ ಎಂದು ಮೊನ್ನೆ ಒಬ್ಬರು ನಮ್ಮ ಈ ಗುಂಪಿನಲ್ಲಿ ಕೇಳಿದ್ದರು. ಗರಿ ಅಂದರೆ ಅಮೆರಿಕದ ಮೂಲನಿವಾಸಿಗಳು, ಅವರಿಗೂ ಇಂಡಿಯನ್ ಅನ್ನುತ್ತಾರೆ; ಬೊಟ್ಟು ಅಂದರೆ ನಾವು, ಭಾರತದವರು. ಟೀಚರ್‌ಗೆ ಇಮೇಲ್ ಹಾಕಿ ಅಂದವರ ಮಾತು ಸರಿಯೇ. ಜೊತೆಗೆ ಮಗುವಿಗೆ ಫೋಟೋಗ್ರಾಫರ್ ಅನು ಪಾಲಕುನ್ನತ್ತು ಮ್ಯಾಥ್ಯೂ ತೆಗೆದ ಫೋಟೋಗಳನ್ನೂ ತೋರಿಸಿ.

ಇವರು ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತದಲ್ಲಿ ಬೆಳೆದು, ಅಮೆರಿಕದ ರೋಡ್ ಐಲೆಂಡ್‌ನಲ್ಲಿ ನೆಲೆನಿಂತ ಮಲಯಾಳಿ. ಇಂಡಿಯನ್ ಅಂದಾಗಲೆಲ್ಲ ಯಾವ ಇಂಡಿಯನ್ ಅಂತ ಬಿಡಿಸಿ ಹೇಳುವ ಪಾಡು ಅವರಿಗೂ ಇತ್ತು. ಅದರಿಂದಲೇ ಹುಟ್ಟಿದ್ದು 'ಆನ್ ಇಂಡಿಯನ್ ಫ್ರಮ್ ಇಂಡಿಯಾ' ಸರಣಿ. ಒಂದು ಕಡೆ ಅಮೆರಿಕದ ಮೂಲನಿವಾಸಿಗಳ ನೂರು ವರ್ಷ ಹಿಂದಿನ ಫೋಟೋ. ಪಕ್ಕದಲ್ಲೇ ಅದೇ ಭಂಗಿ, ಅದೇ ಕಂದು ಬಣ್ಣದಲ್ಲಿ ಅನು. ಒಂದು ಜೋಡಿಯಲ್ಲಂತೂ ಅಲ್ಲಿ ಗರಿ, ಇಲ್ಲಿ ಬೊಟ್ಟು! ಮಕ್ಕಳಿಗೆ ತಕ್ಷಣ ನಗು ಬರುತ್ತದೆ. ಆಮೇಲೆ ಪ್ರಶ್ನೆ ಶುರು.

ಆ ಹಳೇ ಫೋಟೋಗ್ರಾಫರ್‌ಗಳಲ್ಲಿ ಎಡ್ವರ್ಡ್ ಕರ್ಟಿಸ್ ದೊಡ್ಡ ಹೆಸರು. 1910ರಲ್ಲಿ ಅವರು ಗುಡಾರದೊಳಗೆ ಕೂತ ಅಪ್ಪ, ಮಗನ ಫೋಟೋ ತೆಗೆದರು. ಇಬ್ಬರ ನಡುವೆ ಒಂದು ಗಡಿಯಾರ ಇತ್ತು. ಅಚ್ಚಾಗಿ ಬಂದ ಪ್ರತಿಯಲ್ಲಿ ಗಡಿಯಾರ ಮಾಯ! ಮೂಲನಿವಾಸಿ ಅಂದಮೇಲೆ ಗಡಿಯಾರ ಯಾಕೆ ಅಂತ ಅಳಿಸಿಬಿಟ್ಟರು.

ನಾವೂ ಮಾಡೋದು ಅದೇ ಅಲ್ವಾ? ನವೆಂಬರ್ ಬಂತು ಅಂದರೆ ಹುಡುಗಿಗೆ ಒನಕೆ ಓಬವ್ವನ ವೇಷ, ಕೈಗೆ ಥರ್ಮಾಕೋಲ್ ಒನಕೆ. ಹಿಂದೆ ಹಂಪಿಯ ಕಲ್ಲಿನ ರಥದ ಪೋಸ್ಟರ್. ಫ್ರೇಮಿನಲ್ಲಿ ಅವಳ ಸ್ನೀಕರ್ ಕಾಣಿಸಿದರೆ "ಬಿಚ್ಚು, ಬಿಚ್ಚು" ಅಂತ ಕೂಗುತ್ತೇವೆ. ವೇಷ ಹಾಕಿಸೋದು ತಪ್ಪು ಅನ್ನುತ್ತಿಲ್ಲ, ನಮ್ಮ ಮನೆಯಲ್ಲೂ ಹಾಕಿಸಿದ್ದೇವೆ. ಆದರೆ ಕನ್ನಡದವಳಾಗಿ ಕಾಣಬೇಕಾದರೆ ಇಲ್ಲಿನ ಗುರುತನ್ನೆಲ್ಲ ಬಚ್ಚಿಡಬೇಕು ಅನ್ನೋದನ್ನು ಮಗು ಬೇಗ ಕಲಿಯುತ್ತದೆ. ಇದು ನನಗೆ ಹಿಡಿಸುವುದಿಲ್ಲ.

ಅನು ಅವರದೇ ಇನ್ನೊಂದು ಕೆಲಸ 'ರೀ-ಜನರೇಷನ್'. ಮನೆಯ ಹಳೇ ಆಲ್ಬಮ್ಮಿನ ಫೋಟೋ ತಗೊಂಡು, ಅದೇ ರೀತಿಯಲ್ಲಿ ಈಗಿನವರನ್ನೂ ನಿಲ್ಲಿಸಿ ತೆಗೆಯುತ್ತಾರೆ. ಪರದೆಯ ಮೇಲೆ ಅಜ್ಜಿ ನಿಧಾನಕ್ಕೆ ಕರಗಿ ಅಮ್ಮ, ಅಮ್ಮ ಕರಗಿ ಮಗಳು. ಉಡುಪು ಬದಲಾದರೂ ಯಾರೂ ಏನನ್ನೂ ಬಚ್ಚಿಡುವುದಿಲ್ಲ.

ಇದನ್ನು ನೋಡಿ ನಾವೂ ಮನೆಯಲ್ಲಿ ಒಂದು ಜೋಡಿ ಮಾಡಿದೆವು. ದಾವಣಗೆರೆಯಿಂದ ತಂದ ಆಲ್ಬಮ್ಮಿನಲ್ಲಿ ಅಮ್ಮನ ಸ್ಟುಡಿಯೋ ಫೋಟೋ ಇದೆ. ಎರಡು ಜಡೆ, ಕಿವಿಗೆ ಟೆಲಿಫೋನು. ಮಗಳು ವಿಡಿಯೋ ಕಾಲ್‌ನಲ್ಲಿ "ಅಜ್ಜಿ, ಆಗಲೇ ನಿಮ್ಮನೇಲಿ ಫೋನ್ ಇತ್ತಾ?" ಅಂತ ಕೇಳಿದಳು. "ಎಲ್ಲಿ ಫೋನು? ಸ್ಟುಡಿಯೋದ್ದು ಕಣೇ ಅದು, ವೈರೇ ಇರ್ಲಿಲ್ಲ!" ಅಂತ ಅಮ್ಮ ನಕ್ಕರು. ಅಷ್ಟಕ್ಕೇ ನಿಲ್ಲಲಿಲ್ಲ. ಸ್ಟುಡಿಯೋಕ್ಕೆ ಯಾರು ಕರೆದುಕೊಂಡು ಹೋದರು, ಲಂಗ ಯಾರದ್ದು (ಚಿಕ್ಕಮ್ಮನದಂತೆ), ಎಲ್ಲಾ ಹೊರಬಂತು. ಮಗಳಿಗೆ ರೇಷ್ಮೆ ಲಂಗ ಹಾಕಿಸೋಣ ಅಂದರು ನಮ್ಮ ಯಜಮಾನರು. ಅವಳು ಕೇಳಲಿಲ್ಲ. ಹೂಡಿ ಹಾಕಿಕೊಂಡೇ, ತನ್ನ ಸ್ವಂತ ಫೋನನ್ನು ಕಿವಿಗೆ ಹಿಡಿದು ನಿಂತಳು.

ಈ ಸಲ ರಾಜ್ಯೋತ್ಸವಕ್ಕೆ ಸ್ಟೇಜ್ ಪಕ್ಕ ಒಂದು ಟೇಬಲ್ ಇಟ್ಟು ಇಂಥ ಜೋಡಿಗಳನ್ನು ಹಾಕೋಣ. ಭಂಗಿ, ಬಟ್ಟೆ ಮಕ್ಕಳ ಇಷ್ಟ. ಹಳೇ ಫೋಟೋ ಆಲ್ಬಮ್ಮಿಗೆ ಅಂಟಿಕೊಂಡಿದ್ದರೆ ಕೀಳಬೇಡಿ. ಕಿಟಕಿ ಪಕ್ಕ ಇಟ್ಟು, ಫ್ಲ್ಯಾಶ್ ಇಲ್ಲದೆ ಫೋನಿನಲ್ಲೇ ತೆಗೆಯಿರಿ. ಪ್ರಿಂಟ್ ಹಾಕಿಸೋ ಕೆಲಸ ನನಗಿರಲಿ. ಬೋರ್ಡು, ಪಿನ್ನು ಯಾರು ತರುತ್ತೀರಿ?